ಬಣ್ಣ ಬಳಿಯುವ ಮುನ್ನ ಮುಖ ಓದಬೇಕು



ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಆಟಗಳು ಬಿರುಸಾಗುತ್ತವೆ. ಆಟಕ್ಕೆ ಹೋದವರಲ್ಲಿ ಅನೇಕರಿಗೆ ಚೌಕಿಮನೆಗೊಮ್ಮೆ ಇಣುಕಿ ಬರುವ ಅಭ್ಯಾಸ. ಅಲ್ಲಿ ಗಣಪತಿಯ ಮುಂದೆ ದೀಪ ಉರಿಯುತ್ತಿರುತ್ತದೆ. ವೇಷಧಾರಿಗಳು ಸಾಲಾಗಿ ಕುಳಿತಿರುತ್ತಾರೆ. ಎದುರಿಗೆ ಪೆಟ್ಟಿಗೆ, ಅದಕ್ಕೆ ಒರಗಿಸಿದ ಕನ್ನಡಿ. ಅನುಭವಿ ವೇಷಧಾರಿ ಬಣ್ಣಕ್ಕೆ ಕೈಹಾಕುವ ಮೊದಲು ಮುಖಕ್ಕೆ ಎಣ್ಣೆ ಸವರಿಕೊಳ್ಳುತ್ತಾನೆ. ಅವನ ಬೆರಳುಗಳು ಹಣೆಯಿಂದ ಇಳಿದು, ಹುಬ್ಬಿನ ಏಣನ್ನು ದಾಟಿ, ಕೆನ್ನೆಯ ಮೂಳೆಯನ್ನು ಸುತ್ತಿ, ದವಡೆಯ ಅಂಚಿನಲ್ಲಿ ಸರಿದು ಗದ್ದದಲ್ಲಿ ಬಂದು ನಿಲ್ಲುತ್ತವೆ. ನೋಡುವವರಿಗೆ ಅದು ಎಣ್ಣೆ ಸವರುವ ಕೆಲಸ ಮಾತ್ರ. ಆದರೆ ತನ್ನ ಮುಖದಲ್ಲಿ ಎಲ್ಲಿ ಗಟ್ಟಿ ನೆಲವಿದೆ, ಎಲ್ಲಿ ತಗ್ಗಿದೆ, ಎಲ್ಲಿ ಚರ್ಮ ಅಲುಗುತ್ತದೆ ಎಂಬುದು ಆ ಬೆರಳುಗಳಿಗೆ ಗೊತ್ತಿರುತ್ತದೆ. ಮುಂದೆ ಎಳೆಯುವ ಒಂದೊಂದು ಗೆರೆಯೂ ಆ ತಿಳಿವಳಿಕೆಯ ಮೇಲೆ ನಿಲ್ಲುತ್ತದೆ.

ಯಕ್ಷಗಾನದಲ್ಲಿ ತನ್ನ ಮುಖವನ್ನು ತಾನೇ ಬರೆದುಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಒಂದೇ ಮುಖವನ್ನು ಇಪ್ಪತ್ತು, ಮೂವತ್ತು ವರ್ಷ ಬರೆದವನಿಗೆ ಶರೀರಶಾಸ್ತ್ರದ ಪುಸ್ತಕ ಬೇಕಾಗಿರಲಿಲ್ಲ. ಇಂದು ಪರಿಸ್ಥಿತಿ ಬದಲಾಗಿದೆ. ಶಾಲಾ ಮಕ್ಕಳ ಆಟ, ಮಹಿಳಾ ತಂಡಗಳ ಆಟ, ಹವ್ಯಾಸಿಗಳ ಆಟ ಹೆಚ್ಚಿವೆ. ಅಲ್ಲಿ ವೇಷಭೂಷಣದ ಪೆಟ್ಟಿಗೆಯೊಂದಿಗೆ ಬಂದ ಒಬ್ಬಿಬ್ಬರು ಪ್ರಸಾಧನ ಕಲಾವಿದರು ಎರಡು ಮೂರು ಗಂಟೆಗಳಲ್ಲಿ ಹತ್ತು ಹದಿನೈದು ಮುಖಗಳನ್ನು ಮುಗಿಸಬೇಕಾಗುತ್ತದೆ. ಆ ಮುಖಗಳಲ್ಲಿ ಹೆಚ್ಚಿನವನ್ನು ಅವರು ಕಾಣುವುದು ಅಂದೇ ಮೊದಲು. ವೇಷಧಾರಿಗೆ ರೂಢಿಯಿಂದ ದಕ್ಕಿದ್ದನ್ನು ಈ ಪ್ರಸಾಧಕ ಅಧ್ಯಯನದಿಂದಲೇ ಪಡೆಯಬೇಕು. ಚಿತ್ರಕಲೆಯೂ ಮುಖದ ರಚನೆಯ ಜ್ಞಾನವೂ ಬಣ್ಣಗಾರಿಕೆಗೆ ಏಕೆ ಬೇಕು ಎಂಬ ಪ್ರಶ್ನೆ ಏಳುವುದು ಇಲ್ಲಿಂದಲೇ.

ಗೋಡೆಯಲ್ಲ, ಹಾಳೆಯೂ ಅಲ್ಲ

ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಬಳಿಕ ಯಕ್ಷಗಾನದ ವೇಷಗಳ ಬಗ್ಗೆ ಅನೇಕ ಚಿತ್ರಗಳೂ ಛಾಯಾಚಿತ್ರಗಳೂ ಅಚ್ಚಾಗಿವೆ. ಇವು ಅಮೂಲ್ಯ ದಾಖಲೆಗಳು. ಆದರೆ ಅಚ್ಚಾದ ಮುಖ ಊರಿನ ನಕ್ಷೆಯ ಹಾಗೆ. ನಕ್ಷೆಯಲ್ಲಿ ದಾರಿ ಕಾಣುತ್ತದೆ, ಏರು ಇಳಿಜಾರು ಕಾಣುವುದಿಲ್ಲ. ಛಾಯಾಚಿತ್ರದಲ್ಲಿರುವ ಹುಬ್ಬನ್ನು ಹಾಗೆಯೇ ತಂದು ಇನ್ನೊಬ್ಬರ ಹಣೆಯ ಮೇಲಿಟ್ಟರೆ ಅದು ಅಲ್ಲಿ ಕೂರುವುದಿಲ್ಲ.

ಹಾಳೆ ಸಮತಟ್ಟು, ಅದು ಅಲುಗುವುದೂ ಇಲ್ಲ. ಮುಖ ಹಾಗಲ್ಲ. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳ ಕಾವಿ ಕಲೆಯನ್ನು ಈ ಸೀಮೆಯ ಜನ ಬಲ್ಲರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಕೆತ್ತಿ, ಅಡಿಯ ಬಿಳುಪನ್ನು ಕಾಣಿಸುವ ವಿದ್ಯೆ ಅದು. ಒಮ್ಮೆ ಕೆತ್ತಿದ ಗೆರೆಯನ್ನು ಅಳಿಸುವಂತಿಲ್ಲ. ಆದ್ದರಿಂದ ಕೈಗೆ ಮೊದಲೇ ರೇಖೆ ಒಲಿದಿರಬೇಕು. ಬಣ್ಣಗಾರನಿಗೂ ಇಂಥ ಕೈ ಬೇಕು. ಜೊತೆಗೆ ಗುಡಿಗಾರರ ಕಣ್ಣೂ ಬೇಕು. ಗಂಧದ ಕೊರಡಿನಲ್ಲಿ ಮುಖ ಕೆತ್ತುವಾಗ ಮೊದಲು ಹೊರಡುವುದು ಹಣೆ, ಮೂಗು, ಕೆನ್ನೆ, ಗದ್ದಗಳ ಉಬ್ಬುತಗ್ಗು. ಕಣ್ಣು ತುಟಿಗಳ ಸೂಕ್ಷ್ಮ ಗೆರೆ ಬರುವುದು ಕೊನೆಗೆ. ಬಣ್ಣ ಕಲಿಯುವ ಹೊಸಬರು ಬಹುಮಟ್ಟಿಗೆ ಇದನ್ನು ತಿರುಗುಮುರುಗು ಮಾಡುತ್ತಾರೆ. ಕಡ್ಡಿ ಸಿಕ್ಕಿದೊಡನೆ ಕಣ್ಣು ತೀಡಲು ಹೊರಡುತ್ತಾರೆ.

ಮೂಳೆ ಹೇಳುವ ಅಳತೆ

ಇಲ್ಲಿರುವ ಪ್ರತಿಯೊಬ್ಬರೂ ಒಂದು ಬೆರಳನ್ನು ತಮ್ಮ ಹುಬ್ಬಿನ ಮೇಲಿಟ್ಟು ಮೆಲ್ಲನೆ ಒತ್ತಿ ನೋಡಬಹುದು. ಅಡಿಯಲ್ಲಿ ಏಣು ಸಿಗುತ್ತದೆ. ಅಲ್ಲಿಂದ ಕೆಳಗೆ ಸರಿದರೆ ಕಣ್ಣಿನ ಗುಳಿ. ಅದನ್ನು ಸುತ್ತಿ ಬಂದರೆ ಕೆನ್ನೆಯ ಮೂಳೆ, ಅದರ ಕೆಳಗೆ ಮೆತ್ತನೆಯ ತಗ್ಗು, ಕೊನೆಗೆ ದವಡೆಯ ಅಂಚು. ತಲೆಬುರುಡೆಯಲ್ಲಿ 22 ಮೂಳೆಗಳಿವೆ. ಅವುಗಳಲ್ಲಿ 14 ಮುಖಕ್ಕೆ ಸೇರಿದವು. ಇವುಗಳ ಪೈಕಿ ಅಲುಗಾಡುವುದು ಕೆಳದವಡೆ ಒಂದೇ. ಈ ಮಾತನ್ನು ಪ್ರಸಾಧಕ ನೆನಪಿಟ್ಟರೆ ಅರ್ಧ ಕೆಲಸ ಹಗುರ. ಹುಬ್ಬಿನ ಏಣು, ಮೂಗಿನ ಸೇತುವೆ, ಕೆನ್ನೆಮೂಳೆ ಇವು ಮುಖದ ಸ್ಥಿರ ನೆಲ. ಬಾಯಿಯ ಸುತ್ತಲಿನದು ಅಲುಗುವ ನೆಲ. ಆಟದ ಉದ್ದಕ್ಕೂ ಅರ್ಥ ಹೇಳುವ ವೇಷಧಾರಿಯ ಮುಖದಲ್ಲಿ ದಪ್ಪ ಬಣ್ಣ ಮೊದಲು ಬಿರಿಯುವುದೂ ಬೆವರಿಗೆ ಕದಡುವುದೂ ಈ ಅಲುಗುವ ನೆಲದಲ್ಲೇ.

ಅಳತೆಯ ವಿಷಯದಲ್ಲಿ ಚಿತ್ರಕಾರರು ಹೇಳುವ ಸರಳ ಸೂತ್ರಗಳಿವೆ. ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣುಗಳು ಬರುವುದು ಸರಿಸುಮಾರು ನಡುಮಧ್ಯದಲ್ಲಿ. ಮಕ್ಕಳೂ ಹೊಸಬರೂ ಚಿತ್ರ ಬರೆಯುವಾಗ ಕಣ್ಣುಗಳನ್ನು ಹಣೆಯಲ್ಲಿ ಕೂರಿಸುವುದು ಈ ಲೆಕ್ಕ ಗೊತ್ತಿಲ್ಲದೆ. ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಮೂಗಿನ ಬುಡದಿಂದ ಗದ್ದ ಈ ಮೂರು ಭಾಗಗಳು ಹೆಚ್ಚುಕಡಿಮೆ ಸಮ. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಕೂರುವಷ್ಟು ಜಾಗ. ಯಾವ ಮುಖವೂ ಈ ಸೂತ್ರಕ್ಕೆ ಪೂರ್ತಿ ಹೊಂದುವುದಿಲ್ಲ ಎಂಬುದು ನಿಜ. ಆದರೆ ಎಷ್ಟು ಹೊಂದುವುದಿಲ್ಲ ಎಂದು ತಿಳಿಯಲಾದರೂ ಸೂತ್ರ ಗೊತ್ತಿರಬೇಕಲ್ಲ!

ಯಕ್ಷಗಾನದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮುಖ ಬರೆಯುವಾಗ ತಲೆ ಬರಿದಾಗಿರುತ್ತದೆ. ರಂಗಕ್ಕೆ ಹೋಗುವಾಗ ಅದರ ಮೇಲೆ ಕೇದಗೆ ಮುಂದಲೆಯೋ ಕಿರೀಟವೋ ಏರುತ್ತದೆ, ಭುಜಕ್ಕೆ ಭುಜಕೀರ್ತಿ ಬರುತ್ತದೆ. ಒಡನೆಯೇ ಮುಖ ಚಿಕ್ಕದಾಗಿ ಕಾಣತೊಡಗುತ್ತದೆ. ಬರಿದಲೆಗೆ ಚೆಂದವಾಗಿ ಕಂಡ ಕಣ್ಣು ಕಿರೀಟದ ಕೆಳಗೆ ಸಾಸಿವೆ ಕಾಳಾಗುತ್ತದೆ. ಹಳಬರು ಕಣ್ಣಿನ ಗೆರೆಯನ್ನು ಕಿವಿಯ ಕಡೆಗೆ ಉದ್ದವಾಗಿ ಎಳೆಯುವುದು ಅಲಂಕಾರಕ್ಕಷ್ಟೇ ಅಲ್ಲ. ತಲೆಯ ಭಾರವನ್ನು ಮುಖ ಹೊರಬೇಕಾದರೆ ಕಣ್ಣು ಅಷ್ಟು ಉದ್ದವಾಗಲೇಬೇಕು. ಆದ್ದರಿಂದ ಮುಖದ ಚಿತ್ರ ಬರೆದು ಅಭ್ಯಾಸ ಮಾಡುವವರು ಕಿರೀಟ ಸಮೇತ ಬರೆಯಬೇಕು, ಎದೆಯವರೆಗೆ ಬರೆಯಬೇಕು.

ಸ್ತ್ರೀವೇಷದ ಪಾಠ ಬೇರೆಯೇ. ಗಂಡಸರಲ್ಲಿ ಸಾಮಾನ್ಯವಾಗಿ ಹುಬ್ಬಿನ ಏಣು ಮುಂಚಾಚಿರುತ್ತದೆ, ದವಡೆಯ ಕೋನ ಚೌಕವಾಗಿರುತ್ತದೆ. ಗಂಡಸು ದ್ರೌಪದಿಯಾಗುವಾಗ ಹುಬ್ಬನ್ನು ಏಣಿನಿಂದ ತುಸು ಮೇಲಕ್ಕೆ ಬಿಲ್ಲಿನಂತೆ ಬರೆದು, ದವಡೆಯ ಮೂಲೆಗೆ ಮಬ್ಬು ಬಣ್ಣ ಕೊಟ್ಟರೆ ಆ ಚೌಕ ಕರಗುತ್ತದೆ. ಮಹಿಳಾ ತಂಡಗಳಲ್ಲಿ ಹೆಣ್ಣುಮಗಳು ಭೀಮನಾಗುವಾಗ ಇದೇ ಪಾಠವನ್ನು ಹಿಂದುಮುಂದಾಗಿ ಓದಬೇಕು. ಇಲ್ಲದ ಏಣನ್ನು ಬೆಳಕಿನ ಬಣ್ಣದಿಂದ ಎತ್ತಬೇಕು, ದವಡೆಯ ಕೋನವನ್ನು ತಿದ್ದಬೇಕು. ಮೀಸೆಯೊಂದನ್ನು ಅಂಟಿಸಿ ಕೈತೊಳೆದುಕೊಂಡರೆ ಮೀಸೆ ಹೊತ್ತ ಹುಡುಗಿ ಕಾಣುತ್ತಾಳೆ, ಭೀಮ ಕಾಣುವುದಿಲ್ಲ.

ಚರ್ಮಕ್ಕೆ ಹೆಣೆದ ಸ್ನಾಯು

ಕೈಕಾಲುಗಳ ಸ್ನಾಯುಗಳು ಮೂಳೆಯಿಂದ ಮೂಳೆಗೆ ಕಟ್ಟಿಕೊಂಡಿರುತ್ತವೆ. ಮುಖದ ಭಾವ ಹುಟ್ಟಿಸುವ ಸ್ನಾಯುಗಳ ರೀತಿ ಬೇರೆ. ಅವುಗಳ ಒಂದು ತುದಿ ಚರ್ಮದಲ್ಲೇ ಸೇರಿಕೊಂಡಿರುತ್ತದೆ. ಸ್ನಾಯು ಎಳೆದಾಗ ಚರ್ಮವೇ ಮಡಚುತ್ತದೆ. ನಗು, ಸಿಟ್ಟು, ಅಳು ಎಲ್ಲವೂ ಈ ಮಡಿಕೆಗಳ ಭಾಷೆ. ಹಣೆಯ ಸ್ನಾಯು ಮೇಲೆ ಕೆಳಗೆ ಓಡುತ್ತದೆ, ಆದ್ದರಿಂದ ಹಣೆಯ ನೆರಿಗೆ ಅಡ್ಡಡ್ಡ ಬೀಳುತ್ತದೆ. ಹುಬ್ಬು ಗಂಟಿಕ್ಕುವ ಸ್ನಾಯು ಹೆಚ್ಚುಕಡಿಮೆ ಅಡ್ಡ ಓಡುತ್ತದೆ, ಅಲ್ಲಿನ ಗೆರೆ ಲಂಬವಾಗಿ ನಿಲ್ಲುತ್ತದೆ. ಕಣ್ಣಿನ ಸುತ್ತ ಉಂಗುರದಂತಹ ಸ್ನಾಯುವಿದೆ, ಅದರ ನೆರಿಗೆಗಳು ಕಣ್ಣಂಚಿನಿಂದ ಬೀಸಣಿಗೆಯಂತೆ ಹರಡುತ್ತವೆ. ಸ್ನಾಯು ಓಡುವ ದಿಕ್ಕಿಗೆ ಅಡ್ಡವಾಗಿ ನೆರಿಗೆ ಬೀಳುತ್ತದೆ ಎಂಬ ಒಂದು ನಿಯಮ ತಿಳಿದರೆ ಮುದುಕನ ಮುಖ ಬರೆಯುವುದು ಊಹೆಯ ಕೆಲಸವಾಗಿ ಉಳಿಯುವುದಿಲ್ಲ. ಹದಿನೈದರ ಹುಡುಗನನ್ನು ಧೃತರಾಷ್ಟ್ರ ಮಾಡಬೇಕೇ? ಅವನಿಗೆ ಕಣ್ಣು ಕಿರಿದಾಗಿಸಲು, ಹುಬ್ಬೇರಿಸಲು, ಹಲ್ಲು ಕಾಣುವಂತೆ ನಗಲು ಹೇಳಿದರೆ ಸಾಕು. ಮುಪ್ಪಿನಲ್ಲಿ ಎಲ್ಲೆಲ್ಲಿ ಗೆರೆ ಬೀಳಲಿದೆ ಎಂಬುದನ್ನು ಅವನ ಮುಖವೇ ಇಂದು ತೋರಿಸಿಕೊಡುತ್ತದೆ. ಆ ಮಡಿಕೆಯ ಮೇಲೆಯೇ ಕಡ್ಡಿ ಓಡಿಸಬೇಕು.

ಇಂಥ ಅಧ್ಯಯನಕ್ಕೆ ದೊಡ್ಡ ಇತಿಹಾಸವೇ ಇದೆ. ಇಟಲಿಯ ಲಿಯೊನಾರ್ಡೊ ಡ ವಿಂಚಿ 1489ರಲ್ಲಿ ತಲೆಬುರುಡೆಯನ್ನು ಸೀಳಿ ನೋಡಿ ಅದರ ಚಿತ್ರಗಳನ್ನು ಬರೆದ. ಫ್ರಾನ್ಸಿನ ವೈದ್ಯ ಡುಶೆನ್, ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿ ಯಾವ ಸ್ನಾಯು ಯಾವ ಭಾವ ತರುತ್ತದೆ ಎಂದು ಪರೀಕ್ಷಿಸಿ 1862ರಲ್ಲಿ ಗ್ರಂಥ ಪ್ರಕಟಿಸಿದ. ನಿಜವಾದ ನಗೆಯಲ್ಲಿ ಬಾಯಿಯ ಮೂಲೆ ಏರಿದರೆ ಸಾಲದು, ಕಣ್ಣಿನ ಸುತ್ತಲಿನ ಸ್ನಾಯುವೂ ಕುಗ್ಗಬೇಕು ಎಂದು ಅವನು ತೋರಿಸಿದ. ನಮ್ಮ ಪರಂಪರೆಯೂ ಈ ವಿಷಯದಲ್ಲಿ ಬಡವಾಗಿಲ್ಲ. ಭರತನ ನಾಟ್ಯಶಾಸ್ತ್ರ ಕಣ್ಣು, ಹುಬ್ಬು, ಕೆನ್ನೆ, ತುಟಿ, ಗದ್ದಗಳ ಚಲನೆಯನ್ನು ಒಂದೊಂದಾಗಿ ವಿಂಗಡಿಸುತ್ತದೆ. ಆಹಾರ್ಯದ ಭಾಗದಲ್ಲಿ ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಮೂಲವರ್ಣಗಳನ್ನೂ ಅವುಗಳ ಮಿಶ್ರಣವನ್ನೂ ಹೇಳುತ್ತದೆ. ಬಿಳಿಗೆ ಕೆಂಪು ಸೇರಿದರೆ ಪದ್ಮವರ್ಣ, ಹಳದಿಗೆ ನೀಲಿ ಸೇರಿದರೆ ಹಸಿರು, ನೀಲಿಗೆ ಕೆಂಪು ಸೇರಿದರೆ ಕಾಷಾಯ. ವೇಷಧಾರಿ ಅಂಗೈಯಲ್ಲಿ ಬಣ್ಣ ಕಲಸುವಾಗ ಮಾಡುವುದೂ ಈ ಬಗೆಯ ಲೆಕ್ಕವನ್ನೇ.

ದೊಂದಿಯಿಂದ ಎಲ್‌ಇಡಿವರೆಗೆ

ಬಣ್ಣವನ್ನು ಬೆಳಕಿನಿಂದ ಬೇರ್ಪಡಿಸಿ ನೋಡುವಂತಿಲ್ಲ. ಹಿಂದೆ ಆಟ ನಡೆಯುತ್ತಿದ್ದುದು ದೊಂದಿಯ ಬೆಳಕಿನಲ್ಲಿ. ಆ ಬೆಳಕು ವೇಷಧಾರಿಯ ಎದುರಿನಿಂದ, ಹೆಚ್ಚು ಎತ್ತರವಿಲ್ಲದ ಕಡೆಯಿಂದ ಬೀಳುತ್ತಿತ್ತು. ಉರಿಯ ಬೆಳಕಿನಲ್ಲಿ ಕೆಂಪು, ಹಳದಿಯ ಅಂಶ ಹೆಚ್ಚು, ನೀಲಿಯ ಅಂಶ ಕಡಿಮೆ. ಹಾಗಾಗಿ ಅಲ್ಲಿ ಕೆಂಪು, ಹಳದಿ ಬಣ್ಣಗಳು ಮಿಂಚಿದರೆ ನೀಲಿ ಕಪ್ಪಾಗಿ ಕಾಣುತ್ತಿತ್ತು. ಆಮೇಲೆ ಗ್ಯಾಸ್‌ಲೈಟ್ ಬಂತು, ಅದರ ಬೆನ್ನಿಗೆ ವಿದ್ಯುದ್ದೀಪ ಬಂತು. ಈಗ ಎಲ್‌ಇಡಿ ದೀಪಗಳು ಮೇಲಿನಿಂದ ಬೆಳ್ಳಗೆ ಸುರಿಯುತ್ತವೆ. ಮೇಲಿನಿಂದ ಬೀಳುವ ಬೆಳಕಿಗೆ ಹುಬ್ಬಿನ ಏಣು ಸೂರಿನಂತೆ ಅಡ್ಡ ನಿಲ್ಲುತ್ತದೆ. ಕಣ್ಣಿನ ಗುಳಿಯಲ್ಲಿ ಕತ್ತಲೆ ತುಂಬುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ದೊಂದಿಯ ಕಾಲದ ನಮೂನೆಯನ್ನು ಬದಲಿಲ್ಲದೆ ಬರೆದರೆ ಕೊನೆಯ ಸಾಲಿನವನಿಗೆ ಕಣ್ಣೇ ಕಾಣದು. ಕಣ್ಣಿನ ಮೇಲ್ರೆಪ್ಪೆಗೂ ಹುಬ್ಬಿಗೂ ನಡುವಿನ ಜಾಗವನ್ನು ಇಂದು ಹೆಚ್ಚು ತಿಳಿಯಾಗಿ ಇಡಬೇಕಾಗುತ್ತದೆ. ಸಂಪ್ರದಾಯ ಉಳಿಸುವುದೆಂದರೆ ಹಿಂದಿನವರು ಪ್ರೇಕ್ಷಕನಿಗೆ ಏನು ಕಾಣಿಸಲು ಬಯಸಿದ್ದರೋ ಅದನ್ನು ಇಂದೂ ಕಾಣಿಸುವುದು. ಅದಕ್ಕಾಗಿ ಗೆರೆ ತುಸು ಸರಿದರೆ ಅಪಚಾರವೇನಿಲ್ಲ.

ಕಾಲಮಿತಿಯ ಆಟಗಳು ಇನ್ನೊಂದು ಪೆಟ್ಟು ಕೊಟ್ಟಿವೆ. ಇಡೀ ರಾತ್ರಿಯ ಆಟದಲ್ಲಿ ಬಣ್ಣದ ವೇಷ ತಡವಾಗಿ ಬರುತ್ತಿತ್ತು, ಮುಖ ಬರೆಯಲು ಗಂಟೆಗಟ್ಟಲೆ ಸಮಯವಿತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಹನಿಹನಿಯಾಗಿ ಇಡುವ ಚಿಟ್ಟಿ ಒಣಗುವ ತನಕ ವೇಷಧಾರಿ ಮುಖ ಅಲುಗಿಸದೆ ಕೂರುತ್ತಿದ್ದ. ತೆಂಕಿನಲ್ಲಿ ಬಣ್ಣದ ಮಾಲಿಂಗನಂಥವರು ಇದರಿಂದಲೇ ಮನೆಮಾತಾದರು. ಮೂರು ಗಂಟೆಯ ಆಟದಲ್ಲಿ ಅಷ್ಟು ಪುರುಸೊತ್ತು ಎಲ್ಲಿದೆ? ಸಮಯ ಕಡಿಮೆಯಾದಷ್ಟೂ ಕೈ ಹೆಚ್ಚು ಬಲ್ಲದ್ದಾಗಿರಬೇಕು. ನೂರು ಚುಕ್ಕೆ ಇಡಲಾಗದಿದ್ದರೆ ಇಪ್ಪತ್ತೇ ಚುಕ್ಕೆಯಲ್ಲಿ ರಾಕ್ಷಸನ ಕೆನ್ನೆ ಉಬ್ಬಿಸುವುದು ಹೇಗೆ ಎಂಬುದನ್ನು ಮೂಳೆಯ ಜಾಡು ಬಲ್ಲವನು ಮಾತ್ರ ಹೇಳಬಲ್ಲ.

ಮೂರು ತಾಲ್ಲೂಕು, ಹಲವು ಮುಖ

ಈ ಸೀಮೆಯಲ್ಲಿ ಬಣ್ಣ ಹಚ್ಚುವುದು ಯಕ್ಷಗಾನಕ್ಕೆ ಮಾತ್ರವಲ್ಲ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಯ ರಾತ್ರಿಗಳಲ್ಲಿ ಶಿರಸಿಯ ಬೀದಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಹಿಂದಿನಿಂದ ಹಗ್ಗ ಹಿಡಿದವರು, ತಮಟೆಯ ಬಡಿತ. ಆ ಮುಖ ಬೀದಿದೀಪದ ಅಡಿಯಲ್ಲಿ, ನಾಲ್ಕೂ ಕಡೆಯಿಂದ ನುಗ್ಗುವ ಜನರ ನಡುವೆ, ಗರ್ಜಿಸುತ್ತ ಕಾಣಿಸಿಕೊಳ್ಳಬೇಕು. ರಂಗಸ್ಥಳದ ಮುಖವನ್ನು ಮುಖ್ಯವಾಗಿ ಎದುರಿನಿಂದ ನೋಡುತ್ತಾರೆ. ಬೇಡನ ಮುಖವನ್ನು ಪಕ್ಕದಿಂದಲೂ ಮಾಳಿಗೆಯ ಮೇಲಿನಿಂದಲೂ ನೋಡುತ್ತಾರೆ. ಎದುರಿನ ಕನ್ನಡಿಯೊಂದನ್ನೇ ನಂಬಿ ಬರೆದ ಬಣ್ಣ ಕಿವಿಯ ಬಳಿ ಬಂದಾಗ ತಟ್ಟನೆ ನಿಂತುಬಿಡುತ್ತದೆ. ಮುಖದ ಪಾರ್ಶ್ವನೋಟದ ಚಿತ್ರ ಬರೆದು ಅಭ್ಯಾಸ ಮಾಡಿದವನಿಂದ ಈ ತಪ್ಪು ಆಗುವುದಿಲ್ಲ.

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ನಂಟಿನಿಂದ, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿ ಸಮುದಾಯದ ಕಲಾವಿದರು ನಾಟಕವಾಡಿದರು. ಅಂದಿನಿಂದ ಆ ಸಮುದಾಯದ ಪ್ರತಿಭೆಗಳು ರಂಗಭೂಮಿ, ಸಿನಿಮಾಗಳಲ್ಲಿ ಹೆಸರು ಮಾಡಿವೆ. ಪ್ರಸಾಧಕನಿಗೆ ಇಲ್ಲೊಂದು ಮುಖ್ಯ ಪಾಠವಿದೆ. ಅಂಗಡಿಯಲ್ಲಿ ಸಿಗುವ ಒಂದೇ ಗುಲಾಬಿ ಬಣ್ಣದ ಡಬ್ಬಿಯನ್ನು ಎಲ್ಲರ ಮುಖಕ್ಕೂ ಬಳಿದರೆ ಕಪ್ಪು ಮೈಬಣ್ಣದವರ ಮುಖ ಬೂದಿ ಬಡಿದಂತಾಗುತ್ತದೆ. ಅದು ಕಲಾವಿದನಿಗೆ ಮಾಡಿದ ಅವಮಾನವೂ ಹೌದು, ಕೆಲಸದ ಸೋಲೂ ಹೌದು. ಗಾಢ ಚರ್ಮದ ಮೇಲೆ ನೆರಳಿಗಿಂತ ಬೆಳಕಿನ ಬಣ್ಣ ಹೆಚ್ಚು ಕೆಲಸ ಮಾಡುತ್ತದೆ. ಕೆನ್ನೆಮೂಳೆ, ಮೂಗಿನ ಸೇತುವೆಗಳ ಮೇಲೆ ತೆಳುವಾದ ಹೊಂಬಣ್ಣದ ಒಂದು ಎಳೆ ಇಡೀ ಮುಖವನ್ನು ಎತ್ತಿ ನಿಲ್ಲಿಸುತ್ತದೆ. ಎದುರಿಗಿರುವ ಮುಖದಿಂದ ಕೆಲಸ ಆರಂಭಿಸಿದವನಿಗೆ ಇದು ತಾನಾಗಿ ಹೊಳೆಯುತ್ತದೆ.

ಚರ್ಮದ ಕ್ಷೇಮದ ಬಗ್ಗೆ ಎರಡು ಮಾತು. ಹಿಂದೆ ಬಳಸುತ್ತಿದ್ದ ಹರದಾಳ ಆರ್ಸೆನಿಕ್ಕಿನ ಸಂಯುಕ್ತ, ಇಂಗಳೀಕ ಪಾದರಸದ ಸಂಯುಕ್ತ. ಸಂಪ್ರದಾಯದ ಹೆಸರಿನಲ್ಲಿ ಇವನ್ನು ಮಕ್ಕಳ ಮುಖಕ್ಕೆ ತರಬಾರದು. ಕಣ್ಣಿನ ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದುದು. ಹೊಸ ಬಣ್ಣವನ್ನು ಹಿಂದಿನ ದಿನವೇ ಮೊಳಕೈಯ ಒಳಮಗ್ಗುಲಿಗೆ ಹಚ್ಚಿ, ತುರಿಕೆ ಇಲ್ಲವೆಂದು ಖಚಿತವಾದ ಬಳಿಕವೇ ಬಳಸಬೇಕು. ಒಬ್ಬರ ಕಣ್ಣಿಗೆ ಹಚ್ಚಿದ ಕಡ್ಡಿ ಇನ್ನೊಬ್ಬರ ಕಣ್ಣಿಗೆ ಹೋಗಬಾರದು.

ಕಲಿಯುವುದು ಹೇಗೆ?

ಇದಕ್ಕೆ ದೊಡ್ಡ ಶಾಲೆಯೇ ಬೇಕೆಂದಿಲ್ಲ. ಒಂದು ಕನ್ನಡಿ, ಒಂದು ಇದ್ದಿಲ ತುಂಡು, ಒಂದು ನೋಟ್‌ಬುಕ್ ಸಾಕು. ಮೊದಲ ತಿಂಗಳು ದಿನಕ್ಕೊಂದರಂತೆ ತನ್ನದೇ ಬರಿಯ ಮುಖವನ್ನು ಬರೆಯಬೇಕು. ಒಂದು ದಿನ ದೀಪ ಮೇಲಿರಲಿ, ಇನ್ನೊಂದು ದಿನ ಪಕ್ಕದಲ್ಲಿರಲಿ, ಮತ್ತೊಂದು ದಿನ ಕೆಳಗಿರಲಿ. ಎರಡನೆಯ ತಿಂಗಳು ತಲೆಬುರುಡೆಯ ಪಾಠ. ಊರಿನ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಅದರ ಮಾದರಿಯಿದ್ದರೆ, ಅನುಮತಿ ಪಡೆದು ಎದುರಿಗಿಟ್ಟುಕೊಂಡು ಬರೆಯಬೇಕು, ಒಂದು ಕೈ ಮಾದರಿಯ ಮೇಲೆ, ಇನ್ನೊಂದು ತನ್ನ ಮುಖದ ಮೇಲೆ. ಮೂರನೆಯದು ಅರ್ಧಮುಖದ ಅಭ್ಯಾಸ. ಹಣೆಯಿಂದ ಗದ್ದಕ್ಕೆ ನಡುಗೆರೆ ಎಳೆದು ಒಂದೇ ಮಗ್ಗುಲಿಗೆ ವೇಷ ಬರೆದು, ಆ ಮುಖ ನಕ್ಕಾಗ, ಗುಡುಗಿದಾಗ ಏನಾಗುತ್ತದೆ ಎಂದು ಎರಡೂ ಮಗ್ಗುಲನ್ನು ಹೋಲಿಸಬೇಕು. ಯಾರ ಮುಖದ ಎರಡು ಮಗ್ಗುಲೂ ಒಂದೇ ತೆರನಾಗಿರುವುದಿಲ್ಲ ಎಂಬ ಸತ್ಯವೂ ಆಗ ಗೊತ್ತಾಗುತ್ತದೆ. ಕೊನೆಗೆ ಒಂದೇ ವೇಷವನ್ನು, ಉದಾಹರಣೆಗೆ ಕೃಷ್ಣನನ್ನು, ದುಂಡು ಮುಖ, ಉದ್ದ ಮುಖ, ಚೌಕ ಮುಖ ಮೂರರ ಮೇಲೂ ಬರೆಯಬೇಕು. ಮೂವರೂ ಕೃಷ್ಣನೆಂದೇ ಗುರುತು ಸಿಕ್ಕಿದರೆ ಆ ಕೈ ತಯಾರಾಗಿದೆ ಎಂದರ್ಥ.

ಮೂರೂ ತಾಲ್ಲೂಕುಗಳ ಯಕ್ಷಗಾನ ತರಗತಿಗಳಲ್ಲಿ ಮಕ್ಕಳು ಹೆಜ್ಜೆ ಕಲಿಯುತ್ತಾರೆ, ತಾಳ ಕಲಿಯುತ್ತಾರೆ, ಮಾತು ಕಲಿಯುತ್ತಾರೆ. ಮುಖವನ್ನು ಮಾತ್ರ ಆಟದ ದಿನ ಬೇರೆಯವರ ಕೈಗೆ ಒಪ್ಪಿಸಿ ಕಣ್ಣು ಮುಚ್ಚಿ ಕೂರುವುದು ಹೆಚ್ಚಿನ ಕಡೆ ಕಂಡುಬರುತ್ತದೆ. ವಾರಕ್ಕೊಂದು ಗಂಟೆ ಚಿತ್ರದ ಪಾಠಕ್ಕೆ ಮೀಸಲಿಟ್ಟರೆ, ಊರಿನ ಚಿತ್ರಕಲಾ ಶಿಕ್ಷಕರನ್ನೂ ಹಳೆಯ ವೇಷಧಾರಿಯೊಬ್ಬರನ್ನೂ ಒಟ್ಟಿಗೆ ಕರೆದು ಕೂರಿಸಿದರೆ ಖರ್ಚೇನೂ ಹೆಚ್ಚಿಲ್ಲ. ಶಿಕ್ಷಕರಿಗೆ ಮೂಳೆಯ ಹೆಸರು ಗೊತ್ತಿದೆ, ವೇಷಧಾರಿಯ ಬೆರಳಿಗೆ ಅದರ ಜಾಗ ಗೊತ್ತಿದೆ. ಆ ಬೆರಳಿನ ಜ್ಞಾನವನ್ನು ಅವರು ಎಲ್ಲಿಯೂ ಬರೆದಿಟ್ಟಿಲ್ಲ. ಅವರೊಂದಿಗೆ ಅದು ಹೊರಟುಹೋದರೆ ಛಾಯಾಚಿತ್ರ ನೋಡಿ ಮರಳಿ ಪಡೆಯುವುದು ಸಾಧ್ಯವಿಲ್ಲ.

ಬೆಳಗಿನ ಜಾವ ಆಟ ಮುಗಿದ ಮೇಲೆ ವೇಷಧಾರಿ ಮತ್ತೆ ಅದೇ ಕನ್ನಡಿಯ ಮುಂದೆ ಕೂರುತ್ತಾನೆ. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸುತ್ತಾನೆ. ರಾತ್ರಿ ಹೋದ ದಾರಿಯಲ್ಲೇ ಬೆರಳುಗಳು ಮತ್ತೊಮ್ಮೆ ಹಣೆಯಿಂದ ಗದ್ದದವರೆಗೆ ಬರುತ್ತವೆ. ಚೌಕಿಮನೆಯಲ್ಲಿ ಇಣುಕುವ ಮಕ್ಕಳಿಗೆ ಹಿರಿಯರು ಮುಂದಿನ ಸಲ ಈ ಬೆರಳುಗಳನ್ನು ತೋರಿಸಿಕೊಡಲಿ. ಬಣ್ಣದ ಮೊದಲ ಪಾಠ ಅಲ್ಲಿಂದಲೇ ಆರಂಭವಾಗಬಹುದು.